ಪ್ರವಾಸದ ಮುಯ್ಯಿ

ದಸರೆಯ ರಜೆಗೆ ಶನಿವಾರ, ಭಾನುವಾರ ಕೂಡಿಬಂದರೆ ಬೆಂಗಳೂರಿನಿಂದ ಹೊರಟ ಕಾರುಗಳು ನೆಲಮಂಗಲ ದಾಟುವಷ್ಟರಲ್ಲೇ ಸುಸ್ತಾಗಿರುತ್ತವೆ. ಎಲ್ಲರೂ ಹೊರಟಿರುವುದು ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಕಡೆಗೆ. ಒಂದು ಕಾರಿನಲ್ಲಿ ಐವರು ಗೆಳೆಯರಿದ್ದರೆ ಕಾರು ಒಬ್ಬನದು, ಹೋಮ್‌ಸ್ಟೇಗೆ ಮುಂಗಡ ಕಟ್ಟಿದವನು ಇನ್ನೊಬ್ಬ. ಉಳಿದ ಮೂವರು ಬ್ಯಾಗು ಹಿಡಿದು ಬಂದು ಕೂತವರು. ಊರಿಗೆ ಮರಳಿದ ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿಗೆ ಫೋಟೊಗಳು ಬಂದುಬೀಳುತ್ತವೆ. ಲೆಕ್ಕ ಬರುವುದಿಲ್ಲ. ಖರ್ಚು ಮಾಡಿದವನಿಗೆ ಕೇಳಲು ಸಂಕೋಚ, ಕೊಡಬೇಕಾದವರಿಗೆ ಅದು ನೆನಪಿಗೇ ಬರುವುದಿಲ್ಲ. ಮುಂದಿನ ವರ್ಷ ಕರೆದಾಗ ಕಾರಿನವನು ‘ಈ ಸಲ ಆಗಲ್ಲ ಕಣ್ರೋ, ಕೆಲಸ ಇದೆ’ ಎನ್ನುತ್ತಾನೆ. ಯಾಕೆಂದು ಯಾರೂ ಕೇಳುವುದಿಲ್ಲ.

ಗೆಳೆಯರ ನಡುವೆ ಲೆಕ್ಕ ಬೇಡ ಎನ್ನುವುದು ದೊಡ್ಡ ಮನಸ್ಸಿನ ಮಾತಿನಂತೆ ಕೇಳಿಸುತ್ತದೆ. ಆದರೆ ಅದನ್ನು ಹೇಳುವ ಹಕ್ಕಿರುವುದು ಖರ್ಚು ಮಾಡಿದವನಿಗೆ ಮಾತ್ರ. ಕೊಡಬೇಕಾದವರು ಕೂತು ಕೂಡಿ ಕಳೆಯಲೇಬೇಕು. ಪೆಟ್ರೋಲು ಎಲ್ಲರ ಕಣ್ಣೆದುರೇ ಹಾಕಿಸಿದ್ದರಿಂದ ಹೇಗೋ ಲೆಕ್ಕಕ್ಕೆ ಬರುತ್ತದೆ. ಟೋಲ್ ಕಣ್ಣಿಗೇ ಬೀಳುವುದಿಲ್ಲ. 2021ರ ಫೆಬ್ರವರಿಯಲ್ಲಿ ಫಾಸ್ಟ್‌ಟ್ಯಾಗ್ ಕಡ್ಡಾಯವಾದ ಮೇಲೆ ಕಿಟಕಿ ಇಳಿಸಿ ಚಿಲ್ಲರೆ ಹುಡುಕುವ ಕೆಲಸವಿಲ್ಲ. ದುಡ್ಡು ಕಾರಿನವನ ಖಾತೆಯಿಂದ ಹೋಗುತ್ತದೆ, ಮೆಸೇಜು ಅವನ ಫೋನಿಗಷ್ಟೇ ಬರುತ್ತದೆ. ಇನ್ನು ಸವಕಳಿ. ನಾಲ್ಕು ಟೈರಿಗೆ 20,000 ರೂಪಾಯಿ ಎಂದುಕೊಳ್ಳಿ. ಅವು 40,000 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ 50 ಪೈಸೆ. ಹೋಗಿಬಂದು, ಅಲ್ಲಲ್ಲಿ ಸುತ್ತಿ 700 ಕಿಲೋಮೀಟರ್ ಆದರೆ ಟೈರಿನದೇ 350 ರೂಪಾಯಿ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಸವೆದ ಬ್ರೇಕು, ಕ್ಲಚ್ಚು ಬೇರೆ. ಊರಿಗೆ ಬಂದ ಮರುದಿನವೇ ಐದು ಪಾಲು ಮಾಡಿ, ಕೇಳುವ ಮೊದಲೇ ಕಳಿಸಿಬಿಡಬೇಕು. ಯುಪಿಐ ಇರುವಾಗ ಇದು ಎರಡು ನಿಮಿಷದ ಕೆಲಸ.

ಹಾಗೆಂದು ‘ದಿನಕ್ಕೆ ಇಷ್ಟು ತಗೋ’ ಎಂದು ಬಾಡಿಗೆ ಮಾತಾಡುವುದೂ ತಪ್ಪು. ಖಾಸಗಿ ಕಾರಿನ ವಿಮೆಯಲ್ಲಿ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ ಎಂಬ ಷರತ್ತಿರುತ್ತದೆ. ಖರ್ಚು ಹಂಚಿಕೊಳ್ಳೋಣ, ಬಾಡಿಗೆಯ ಮಾತು ಬೇಡ.

ದುಡ್ಡಿನ ಲೆಕ್ಕ ಇಲ್ಲಿಗೆ ಮುಗಿಯಿತು. ದುಡ್ಡಿನಲ್ಲಿ ತೀರದ ಬಾಕಿಯೇ ನನ್ನನ್ನು ಹೆಚ್ಚು ಕಾಡುವುದು. ಭಾನುವಾರ ರಾತ್ರಿ ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಮೂವರೂ ಒಬ್ಬರ ಹೆಗಲ ಮೇಲೊಬ್ಬರು ಒರಗಿ ನಿದ್ದೆ ಹೋಗಿರುತ್ತಾರೆ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆಸಿಕೊಳ್ಳುತ್ತಾ ಒಬ್ಬ ಎಚ್ಚರವಾಗಿರುತ್ತಾನೆ. ಅವನಿಗೆ ಕೊಡಬೇಕಾದದ್ದು ಹಣವಲ್ಲ, ಎಚ್ಚರ. ಪಕ್ಕದ ಸೀಟಿನಲ್ಲಿ ಕೂತವನು ಮಾತಾಡುತ್ತಾ ಬರಬೇಕು, ನೀರಿನ ಬಾಟಲಿ ಬಿಚ್ಚಿ ಕೊಡಬೇಕು, ಲೈಸೆನ್ಸ್ ಇದ್ದರೆ ಅರ್ಧ ದಾರಿ ತಾನೇ ಓಡಿಸಬೇಕು.

ನಮ್ಮ ಹಳ್ಳಿಗಳಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ನಾಟಿಗೆ ಮುಯ್ಯಾಳು ಕರೆಯುತ್ತಿದ್ದರು. ಇವತ್ತು ಅವರ ಮನೆಯ ಇಬ್ಬರು ನಮ್ಮ ಗದ್ದೆಗೆ ಇಳಿದರೆ, ಅವರ ನಾಟಿಯ ದಿನ ನಮ್ಮಲ್ಲಿಂದ ಇಬ್ಬರು ಹೋಗಬೇಕು. ಕೂಲಿಯ ಪ್ರಶ್ನೆಯೇ ಇಲ್ಲ. ಎತ್ತು ನೇಗಿಲು ಕಟ್ಟಿಕೊಂಡು ಬಂದವನ ದಿನವನ್ನು ಬರಿಗೈಲಿ ಬಂದವನ ದಿನಕ್ಕೆ ಸಮ ಎನ್ನುತ್ತಿರಲಿಲ್ಲ. ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ನೋಟ್‌ಬುಕ್ ಹಿಡಿದು ಒಬ್ಬರು ಕೂರುತ್ತಿದ್ದರು, ಅದನ್ನು ಜಿಪುಣತನ ಎಂದು ಯಾರೂ ಆಡಿಕೊಳ್ಳಲಿಲ್ಲ. ಇನ್ನೊಂದು ಮಾತೂ ಇದೆ. ನಾಟಿಗೆ ಬಂದವನ ಮುಯ್ಯನ್ನು ನನಗೆ ಬಿಡುವಾದಾಗ ಬೇಸಿಗೆಯಲ್ಲಿ ತೀರಿಸುತ್ತೇನೆ ಎಂದರೆ ಆಗುತ್ತಿರಲಿಲ್ಲ. ಅವನ ಗದ್ದೆಯಲ್ಲಿ ನೀರು ನಿಂತ ದಿನವೇ ಹೋಗಬೇಕಿತ್ತು.

ಗೆಳೆಯನ ಊರಮನೆಯಲ್ಲೇ ಉಳಿದು ಬರುವವರ ಬಾಕಿ ಇನ್ನೂ ದೊಡ್ಡದು. ತೀರ್ಥಹಳ್ಳಿ ಕಡೆಯ ಒಂದು ಮನೆ ಎನ್ನಿ. ಅಮ್ಮ ಹಿಂದಿನ ರಾತ್ರಿಯೇ ಕಡುಬಿಗೆ ರುಬ್ಬಿಟ್ಟು, ಬೆಳಕು ಹರಿಯುವ ಮೊದಲೇ ಎದ್ದು, ಬಂದವರೆಲ್ಲರ ಸ್ನಾನಕ್ಕೆ ಹಂಡೆ ತುಂಬಿಸಿ ಬಚ್ಚಲೊಲೆಗೆ ಸೌದೆ ಒಡ್ಡುತ್ತಾರೆ. ನಾವು ಏಳುವ ಹೊತ್ತಿಗೆ ಅವರ ಅರ್ಧ ದಿನದ ದುಡಿಮೆ ಮುಗಿದಿರುತ್ತದೆ. ಹೊರಡುವಾಗ ಐನೂರರ ಎರಡು ನೋಟು ಚಾಚಿದರೆ ಕೈ ಹಿಂದಕ್ಕೆಳೆದುಕೊಂಡು, ‘ಇದೇನು ಹೋಟ್ಲಾ?’ ಎಂದು ಗದರಿ, ಮೇಲಿಂದ ಅಪ್ಪೆಮಿಡಿಯ ಒಂದು ಬಾಟಲಿ ಕೈಗಿಡುತ್ತಾರೆ. ಹೋಗುವಾಗಲೇ ಅಕ್ಕಿ, ಬೇಳೆ, ಎಣ್ಣೆ, ಕಾಫಿಪುಡಿ ಒಯ್ದರೆ ಆ ಮನೆಯ ಖರ್ಚು ತುಸು ಹಗುರಾದೀತು. ಉಂಡ ತಟ್ಟೆ ತೊಳೆದಿಟ್ಟು, ಬಾವಿಯಿಂದ ನಾಲ್ಕು ಕೊಡ ಸೇದಿ ಕೊಟ್ಟರೆ ಅವರ ಸೊಂಟಕ್ಕೂ ತುಸು ಬಿಡುವು. ಆದರೂ ಬಾಕಿ ಉಳಿಯುತ್ತದೆ.

ಅದು ವಾಪಸು ಕೇಳುವುದು ಸಾಮಾನ್ಯವಾಗಿ ಬೆಂಗಳೂರಿನಲ್ಲಿ, ರಜೆಯಲ್ಲದ ಒಂದು ವಾರದ ದಿನ. ಆ ಮನೆಯ ಯಜಮಾನರಿಗೆ ಎದೆನೋವೆಂದು ಜಯದೇವ ಆಸ್ಪತ್ರೆಗೆ ಬರೆದುಕೊಟ್ಟಿರುತ್ತಾರೆ. ಅಥವಾ ಕಿದ್ವಾಯಿಗೆ, ನಿಮ್ಹಾನ್ಸ್‌ಗೆ. ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬಂದಿಳಿದ ಇಬ್ಬರು ವಯಸ್ಸಾದವರು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲದ ತುಂಬ ಹಳೆಯ ರಿಪೋರ್ಟುಗಳು. ಮಗ ಅವತ್ತು ಊರಲ್ಲಿಲ್ಲ. ‘ಏನಾದರೂ ಬೇಕಿದ್ದರೆ ಫೋನ್ ಮಾಡಿ’ ಎನ್ನುವುದಕ್ಕಿಂತ ಮುಂಜಾನೆಯೇ ಬಸ್‌ಸ್ಟ್ಯಾಂಡಿಗೆ ಹೋಗಿ ಕರೆತಂದು, ಬಿಸಿನೀರು ಕಾಯಿಸಿಕೊಟ್ಟು, ಹೊರರೋಗಿ ಚೀಟಿಯ ಸಾಲಿನಲ್ಲಿ ಅವರ ಬದಲು ತಾನು ನಿಂತು, ಡಾಕ್ಟರು ಹೇಳಿದ್ದನ್ನು ಕಾಗದದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟು ಕಳಿಸಬೇಕು. ಅದಕ್ಕೆ ಆಫೀಸಿಗೆ ಒಂದು ದಿನ ರಜೆ ಹಾಕಬೇಕಾದೀತು, ಹಾಕೋಣ.