ಕ್ರೂರಿಯ ದುಃಖ

ದುಷ್ಟನ ಹಿಂದಿನ ಕಥೆ ತಿಳಿದ ಮೇಲೆ ಅವನ ತಪ್ಪು ಕಡಿಮೆಯಾಗುತ್ತದೆಯೇ? ಈಚಿನ ಸಿನಿಮಾಗಳು ಈ ಪ್ರಶ್ನೆಯನ್ನು ನಮ್ಮ ಮನೆಯ ಹುಡುಗರ ಮುಂದೆ ಮೇಲಿಂದ ಮೇಲೆ ಇಡುತ್ತಿವೆ. ಖಳನ ನೊಂದ ಬಾಲ್ಯವನ್ನು ತೋರಿಸಿದ ಕೂಡಲೇ 'ಪಾಪ, ಅವನದೇನು ತಪ್ಪು?' ಎಂದುಬಿಡುತ್ತಾರೆ. ಮರುಕ ಒಳ್ಳೆಯ ಗುಣವೇ. ಆದರೆ ಅದು ಎಲ್ಲಿಯವರೆಗೆ?

ಇದನ್ನು ಯೋಚಿಸಲು ನಮಗೆ ಒದಗಿದ್ದು ಜಪಾನಿನ 'ಹೊಕುಟೊ ನೊ ಕೆನ್'. ಸಪ್ತರ್ಷಿ ಮಂಡಲದ ಮುಷ್ಟಿ ಎಂದು ಅರ್ಥ. ಬುರಾನ್ಸನ್ ಬರೆದು ತೆತ್ಸುವೊ ಹಾರ ಚಿತ್ರಿಸಿದ ಈ ಚಿತ್ರಕಥೆ 1983ರಿಂದ 1988ರವರೆಗೆ ಅಲ್ಲಿಯ ವಾರಪತ್ರಿಕೆಯೊಂದರಲ್ಲಿ ಬಂತು. 1986ರಲ್ಲಿ ಅನಿಮೇಷನ್ ಚಿತ್ರವಾಯಿತು. 2006ರಲ್ಲಿ ಮತ್ತೆ ಹೊಸದಾಗಿ ತೆರೆಗೆ ಬಂತು. ಅಣುಯುದ್ಧದಿಂದ ಹಾಳಾದ ಲೋಕದಲ್ಲಿ, ಎದೆಯ ಮೇಲೆ ಏಳು ಗಾಯದ ಕಲೆಗಳುಳ್ಳ ಕೆನ್‌ಶಿರೊ ಶತ್ರುಗಳ ಮರ್ಮಸ್ಥಾನಗಳಿಗೆ ಹೊಡೆದು ಕೊಲ್ಲುತ್ತಾ ಹೋಗುತ್ತಾನೆ. ರಕ್ತಪಾತ ಅತಿಯಾಯಿತೆಂದು ನಾವೂ ಗೊಣಗಿದ್ದುಂಟು.

ಹೊಸ ಚಿತ್ರದ ಒಬ್ಬ ಎದುರಾಳಿ ಸೌಜರ್. ಅವನ ಹೃದಯ ಬಲಗಡೆ ಇರುವುದರಿಂದ ಮರ್ಮಗಳ ಲೆಕ್ಕವೇ ತಪ್ಪಿಹೋಗುತ್ತದೆ. (ಹೃದಯ ಬಲಗಡೆ ಇರುವ ಮನುಷ್ಯರು ನಿಜವಾಗಿಯೂ ಇದ್ದಾರೆ, ಇದು ಕಥೆಗಾರನ ಕಲ್ಪನೆ ಮಾತ್ರವಲ್ಲ.) ಮಕ್ಕಳನ್ನು ಹಿಡಿದು ತಂದು, ಅವರಿಂದ ಕಲ್ಲು ಹೊರಿಸಿ, ಈತ ಪಿರಮಿಡ್ಡಿನಂಥ ಸಮಾಧಿಯೊಂದನ್ನು ಕಟ್ಟಿಸುತ್ತಾನೆ. ಆ ಮಕ್ಕಳನ್ನು ಉಳಿಸಲು ಶ್ಯೂ ಎಂಬ ಕುರುಡ ವೀರ ತುದಿಯ ಕಲ್ಲನ್ನು ಮೇಲಕ್ಕೆ ಹೊತ್ತು ಅಲ್ಲಿಯೇ ಪ್ರಾಣ ಬಿಡುತ್ತಾನೆ.

ಆಮೇಲೆ ತಿಳಿಯುತ್ತದೆ, ಸಮಾಧಿ ಸೌಜರನ ಗುರುವಿನದು. ಅನಾಥನಾಗಿದ್ದ ಅವನನ್ನು ಆ ಗುರು ಮಗನಂತೆ ಸಾಕಿದ್ದ. ಕಡೆಯ ಪರೀಕ್ಷೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎದುರು ಬಂದವನನ್ನು ಹೊಡೆದುರುಳಿಸಿದ. ಬಿಚ್ಚಿ ನೋಡಿದರೆ ಬಿದ್ದವನು ಗುರು. ಪ್ರೀತಿಯಿದ್ದುದರಿಂದಲೇ ಈ ಸಂಕಟ, ಆದ್ದರಿಂದ ಇನ್ನು ಪ್ರೀತಿಯೇ ಬೇಡ ಎಂದು ಅಂದೇ ನಿಶ್ಚಯಿಸಿದ.

ಇಲ್ಲಿ ಕೆನ್‌ಶಿರೊ ಮಾಡುವುದನ್ನು ನೋಡಬೇಕು. ಸೌಜರನನ್ನು ಬಿಡುವುದಿಲ್ಲ, ಆದರೆ ನೋವಾಗದ ಏಟಿನಿಂದ ಕೊಲ್ಲುತ್ತಾನೆ. ಕಡತದ ಭಾಷೆಯಲ್ಲಿ ಹೇಳುವುದಾದರೆ, ದುಃಖವೆಲ್ಲ ಟಿಪ್ಪಣಿಯಲ್ಲಿ ದಾಖಲಾಯಿತು, ಆದೇಶ ಬದಲಾಗಲಿಲ್ಲ. ಕನ್ನಡಿಗರಿಗೆ ಇದು ತೀರಾ ಅಪರಿಚಿತವೇನಲ್ಲ. ಹತ್ತನೆಯ ಶತಮಾನದ ರನ್ನ ದುರ್ಯೋಧನನ ಶೋಕಕ್ಕೆ ನಮ್ಮನ್ನು ಕರಗಿಸಿದ, ಆದರೂ ಅವನ ತೊಡೆ ಮುರಿಯುವುದು ತಪ್ಪಲಿಲ್ಲ.

ನಮ್ಮ ಕಾಲೊನಿಯಲ್ಲಿ ಚಿಕ್ಕವರನ್ನು ಹೊಡೆಯುವ ಹುಡುಗನೊಬ್ಬನಿದ್ದಾನೆ ಎನ್ನಿ. ಮನೆಯಲ್ಲಿ ಅವನಿಗೂ ಏಟು ಬೀಳುತ್ತದೆಂದು ಗೊತ್ತಾಯಿತು. ಗೊತ್ತಾದ ಮೇಲೆ ಅವನೊಡನೆ ಮಾತಾಡುವ ರೀತಿ ಬದಲಾಗಬೇಕು, ನಿಜ. ಆದರೆ ಎತ್ತಿದ ಅವನ ಕೈಯನ್ನು ಹಿಡಿಯುವುದನ್ನು ಬಿಡಬಹುದೇ? ಏಟು ತಿನ್ನುತ್ತಿರುವ ಮಗುವಿಗೆ ನಮ್ಮ ಸಹಾನುಭೂತಿಯಿಂದ ಏನೂ ದೊರೆಯಲಿಲ್ಲವಲ್ಲ!

ಈ ದೃಷ್ಟಿಯಿಂದ 2006ರ ಚಿತ್ರದ ಬಗ್ಗೆ ನಮ್ಮದೊಂದು ತಕರಾರಿದೆ. ಅದು ನಾಯಕನಿಗಿಂತ ಅವನ ಅಣ್ಣನ ಸ್ಥಾನದ ರಾವೊನನ್ನು ಮುಂದಕ್ಕೆ ತರುತ್ತದೆ. ಭಯದಿಂದ ಲೋಕವನ್ನು ಆಳಹೊರಟವನು ಈತ. ಅವನನ್ನು ಪ್ರೀತಿಸಲು ರೇಯ್ನಾ ಎಂಬ ಹೊಸ ಪಾತ್ರವನ್ನೂ ಸೃಷ್ಟಿಸಿದ್ದಾರೆ. ಅವನ ಗಾಂಭೀರ್ಯ, ಅವನ ಗುರಿ, ಅವಳ ನಿಷ್ಠೆ ಎಲ್ಲವೂ ಸೊಗಸಾಗಿವೆ. ಕಲ್ಲು ಹೊತ್ತ ಮಕ್ಕಳಲ್ಲಿ ಬಹುಮಂದಿಗೆ ಹೆಸರೂ ಇಲ್ಲ.