ಉತ್ತರ ಬಾರದಿದ್ದರೆ ತಪ್ಪು ಯಾರದು?

ಕಳೆದ ಮಳೆಗಾಲದಲ್ಲೊಂದು ದಿನ ನಮ್ಮ ವಾಚನಾಲಯದ ಕಂಪ್ಯೂಟರಿಗೆ ಇಂಟರ್ನೆಟ್ ಬರಲಿಲ್ಲ. ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಕೊನೇ ದಿನ. ಕಂಪೆನಿಯ ನಂಬ್ರಕ್ಕೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಲೈನ್ ನೋಡಿಕೊಳ್ಳುವ ಹುಡುಗ ಎತ್ತಿದ. "ದುಡ್ಡು ತೆಕ್ಕೊಳ್ಳಲಿಕ್ಕೆ ಮಾತ್ರ ಬರ್ತೀಯಾ?" ಎಂದು ಹತ್ತು ಜನರೆದುರು ಅವನಿಗೆ ಬೈದೆ.

ಅವನು ಮಳೆಯಲ್ಲಿ ನೆನೆದುಕೊಂಡೇ ಬಂದ. ಕಪ್ಪು ಪರದೆಯೊಂದನ್ನು ತೆರೆದು, "ಮಾಷ್ಟ್ರೇ, ಒಂದೊಂದೇ ಮೆಟ್ಟಿಲು ಕೇಳುವ" ಎಂದ.

ಅವನು ಟೈಪು ಮಾಡಿದ್ದು 'ಪಿಂಗ್' ಎಂಬ ಆಜ್ಞೆ. ಅಮೆರಿಕದ ಮೈಕ್ ಮೂಸ್ ಎಂಬವರು 1983ರ ಡಿಸೆಂಬರಿನಲ್ಲಿ ಬರೆದದ್ದು. ಜಲಾಂತರ್ಗಾಮಿಗಳು ನೀರಿನಲ್ಲಿ ಶಬ್ದ ಬಿಟ್ಟು ಪ್ರತಿಧ್ವನಿ ಕೇಳುತ್ತವಲ್ಲ, ಹೆಸರು ಆ ಶಬ್ದದಿಂದಲೇ ಬಂತು. ಒಂದು ಯಂತ್ರ "ಇದ್ದೀಯಾ?" ಎನ್ನುತ್ತದೆ, ಇನ್ನೊಂದು "ಇದ್ದೇನೆ" ಎನ್ನುತ್ತದೆ. ಅಷ್ಟೇ.

ಹುಡುಗ ಮೊದಲು ಕೇಳಿದ್ದು 127.0.0.1 ಎಂಬ ವಿಳಾಸವನ್ನು. ಅದು ದೂರದ್ದಲ್ಲ, ಕಂಪ್ಯೂಟರು ತನ್ನನ್ನೇ ಕರೆದುಕೊಳ್ಳುವ ವಿಳಾಸ. ಉತ್ತರ ಬಂತು. ಮುಂದಿನದು ಗೋಡೆಯಲ್ಲಿದ್ದ ರೂಟರ್. ಉತ್ತರವಿಲ್ಲ. ಅವನು ಮೇಜಿನಡಿ ಬಗ್ಗಿ ನೋಡಿದ. ಕೇಬಲ್ ಕಳಚಿತ್ತು. ಬೆಳಿಗ್ಗೆ ಗುಡಿಸುವಾಗ ಮೇಜು ಎಳೆದವನು ನಾನೇ!

ಅಡಿಕೆ ತೋಟದಲ್ಲಿ ಕೊನೆಯ ಸ್ಪ್ರಿಂಕ್ಲರಿಗೆ ನೀರು ಬಾರದಿದ್ದರೆ ನಾವು ಪಂಪಿನಿಂದಲೇ ಹುಡುಕುತ್ತಾ ಹೋಗುತ್ತೇವೆ. ಮನುಷ್ಯರ ವಿಷಯದಲ್ಲಿ ಮಾತ್ರ ಆ ತಾಳ್ಮೆ ಯಾಕಿಲ್ಲ? ಅವಸರದಲ್ಲಿ ಸಿಟ್ಟು ಬರುವುದು ಸಹಜ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ನನ್ನ ಸಿಟ್ಟು ತಪ್ಪಿದ್ದ ಕಡೆಗೆ ಹೋಗಲಿಲ್ಲ, ಫೋನ್ ಎತ್ತಿದವನ ಕಡೆಗೆ ಹೋಯಿತು. ಉತ್ತರ ಕೊಟ್ಟದ್ದೇ ಅವನ ಅಪರಾಧವಾಯಿತು.

ಇನ್ನೊಂದು ಮಾತು. ಪಿಂಗಿಗೆ ಉತ್ತರ ಬಾರದಿದ್ದರೆ ಆಚೆಯ ಯಂತ್ರ ಸತ್ತಿದೆ ಎಂದರ್ಥವಲ್ಲವಂತೆ. ಕೆಲವು ಯಂತ್ರಗಳು ಸರಿಯಾಗಿಯೇ ಕೆಲಸ ಮಾಡುತ್ತಿದ್ದರೂ ಪಿಂಗಿಗೆ ಉತ್ತರಿಸದ ಹಾಗೆ ಅವುಗಳನ್ನು ಇಟ್ಟಿರುತ್ತಾರೆ. ಮೌನಕ್ಕೆ ಕಾರಣ ಹಲವು. ಮದುವೆಗೆ ಬಾರದ ನೆಂಟರು, ಮಾತಾಡದೆ ಹೋದ ನೆರೆಯವರು, ಕ್ಲಾಸಿನಲ್ಲಿ ಬಾಯಿಬಿಡದ ಮಗು, ಇವರ ಮೌನಕ್ಕೆಲ್ಲ ಅಹಂಕಾರವೆಂದೋ ದಡ್ಡತನವೆಂದೋ ನಾವು ಎಷ್ಟು ಬೇಗ ಹೆಸರಿಡುತ್ತೇವೆ!

ಅರ್ಜಿಗಳು ಆ ಸಂಜೆಯೇ ಹೋದವು. ಹುಡುಗ ಹೊರಡುವಾಗ ಗೇಟಿನ ಹತ್ತಿರ ಕ್ಷಮೆ ಕೇಳಿದೆ. "ಇರಲಿ ಮಾಷ್ಟ್ರೇ" ಎಂದು ನಕ್ಕ. ಬೈದದ್ದು ಹತ್ತು ಜನರೆದುರು, ಕ್ಷಮೆ ಕೇಳಿದ್ದು ಅವನೊಬ್ಬನೆದುರು. ಆ ಲೆಕ್ಕ ಸರಿಹೋಗಲಿಲ್ಲವೆಂದೇ ಇದನ್ನು ಇಲ್ಲಿ ಬರೆದಿದ್ದೇನೆ.