ಕುರ್ಚಿಯ ಮೇಲಣ ಪೂಜೆ

ಸೊಂಟದ ಕೀಲಿನ ಬಟ್ಟಲು ಹುಟ್ಟಿನಿಂದ ಆಳವಿಲ್ಲದೆ ಬೆಳೆದು ತೊಡೆಮೂಳೆಯ ತಲೆಯನ್ನು ಪೂರ್ತಿ ಮುಚ್ಚದೆ ಉಳಿದವರಿಗೆ, ಆ ಬಟ್ಟಲಿನ ಸುತ್ತಣ ಎಲುಬನ್ನು ಕತ್ತರಿಸಿ, ತಿರುಗಿಸಿ, ತಿರುಪುಮೊಳೆಗಳಿಂದ ನಿಲ್ಲಿಸುವ ವಿಧಾನವೊಂದನ್ನು ಬರ್ನ್ ನಗರದ ವೈದ್ಯ ಗಾಂಜ್ 1984ರಲ್ಲಿ ಆರಂಭಿಸಿದರು. ಶಸ್ತ್ರಕ್ರಿಯೆ ಕೆಲವು ಗಂಟೆಗಳದು. ಆರೆಂಟು ವಾರ ಊರುಗೋಲು ಹಿಡಿದು ಅರೆಭಾರವಿಟ್ಟು ನಡೆಯುವುದೂ, ಎಲುಬು ಕೂಡಿದ ಮೇಲೆ ಸೋತ ಸ್ನಾಯುಗಳನ್ನು ಮತ್ತೆ ಪಳಗಿಸುವುದೂ ತಿಂಗಳುಗಟ್ಟಲೆಯ ಸಾಧನೆ.

ಸಿಂಧನೂರು, ಲಿಂಗಸುಗೂರುಗಳ ಸೀಮೆಯಲ್ಲಿ ನಿತ್ಯಜೀವನವೆಂಬುದು ನೆಲಕ್ಕೆ ಹತ್ತಿದ ಜೀವನ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವವಳು ಹೊತ್ತುಗಟ್ಟಲೆ ಬಗ್ಗಿರಬೇಕು. ರೊಟ್ಟಿ ಬಡಿಯುವವಳು ಒಲೆಯ ಮುಂದೆ ಮೊಣಕಾಲು ಮಡಚಿ ಕೂಡಬೇಕು. ಮುಂಜಾನೆ ಮಿಂದು, ವಿಭೂತಿ ಧರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಪದ್ಮಾಸನದಲ್ಲಿರಬೇಕು. ಆ ಶಸ್ತ್ರಕ್ರಿಯೆಯಾದವಳಿಗೆ ಸದ್ಯಕ್ಕೆ ಚಕ್ಕಳಮಕ್ಕಳ ಬೇಡವೆಂದು ವೈದ್ಯರು ವಿಧಿಸಿದಾಗ ಮಠದ ಅಂಗಳಕ್ಕೆ ಬರುವ ಪ್ರಶ್ನೆ ಗದ್ದೆಯದಾಗಿರುವುದಿಲ್ಲ: "ಕುರ್ಚಿ ಮ್ಯಾಲ ಕುಂತು ಲಿಂಗಪೂಜಿ ಮಾಡಿದ್ರ ನಡೀತದೇನ್ರಿ, ಅಜ್ಜಾರ?"

ಇದನ್ನು ಮುಗ್ಧಶಂಕೆಯೆಂದು ನಗುವವರುಂಟು. ನನಗೆ ಹಾಗೆ ತೋರದು. ಬ್ರಹ್ಮಸೂತ್ರದ ಕಡೆಯ ಅಧ್ಯಾಯದಲ್ಲಿ ಬಾದರಾಯಣರೇ ಇದನ್ನೆತ್ತಿಕೊಂಡು, ಉಪಾಸನೆ ಕುಳಿತೇ ಆಗತಕ್ಕದ್ದೆಂದು ನಿರ್ಣಯಿಸಿರುವರು. ನಡೆವವನ ಚಿತ್ತ ಚೆದರುವುದು, ನಿಂತವನ ಮನಸ್ಸು ದೇಹವನ್ನು ಹೊರುವುದರಲ್ಲಿಯೇ ತೊಡಗುವುದು, ಮಲಗಿದವನನ್ನು ನಿದ್ರೆ ಕವಿಯುವುದು ಎಂಬುದು ಶಂಕರರು ಭಾಷ್ಯದಲ್ಲಿ ಕೊಡುವ ಕಾರಣ. ಮೂರೂ ಏಕಾಗ್ರತೆಗೆ ಸಂಬಂಧಿಸಿದವು. ಮಂಡಿಯ ಮಾತೇ ಅಲ್ಲಿಲ್ಲ. ಪತಂಜಲಿಯೂ ಆಸನಕ್ಕೆ ಸ್ಥೈರ್ಯ, ಸುಖಗಳೆರಡನ್ನೇ ಕೇಳುತ್ತಾನೆ. ನೆಲದ ಮೇಲೆ ಕುಳಿತು ನೋವನ್ನೇ ಧ್ಯಾನಿಸುವವಳಿಗಿಂತ ಕುರ್ಚಿಯಲ್ಲಿ ನಿಶ್ಚಿಂತಳಾದವಳೇ ಸೂತ್ರಕಾರರ ಅಭಿಪ್ರಾಯಕ್ಕೆ ಸಮೀಪಸ್ಥಳು.

ಹಾಗೆಂದು ದೇಹದ ಚಿಂತೆಯನ್ನೇ ಕೈಬಿಡಬೇಕೆಂದರೆ ಶರಣಮಾರ್ಗ ಒಪ್ಪದು. ಅಂಗವೇ ಲಿಂಗಕ್ಕೆ ನೆಲೆಯೆಂದ ಮೇಲೆ ಅದು ಗುಡಿಯ ಹೊರಗೆ ಕಳಚಿಟ್ಟು ಬರುವ ಪಾದರಕ್ಷೆಯಲ್ಲವಷ್ಟೆ. ಮಂಚದ ಮೇಲೆ ಮಲಗಿ, ಹಲ್ಲು ಕಚ್ಚಿ, ಹಿಮ್ಮಡಿಯನ್ನು ಅಂಗುಲ ಅಂಗುಲವಾಗಿ ತನ್ನತ್ತ ಎಳೆದುಕೊಳ್ಳುವ ಆ ವ್ಯಾಯಾಮವನ್ನೂ ನಾನು ಪೂಜೆಯ ಲೆಕ್ಕಕ್ಕೇ ಸೇರಿಸುವೆನು.

1915ರಲ್ಲಿ ಹೊನ್ನನ್ನರಸುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಇದೇ ಸೀಮೆಯ ಮಸ್ಕಿಯಲ್ಲಿ ಕಂಡ ಅಶೋಕನ ಶಾಸನವೂ, ಪುರುಷಾರ್ಥ ದೊಡ್ಡವರಿಗೆ ಮೀಸಲಲ್ಲ, ಧರ್ಮದಲ್ಲಿ ತೊಡಗಿದ ಅಲ್ಪನಿಗೂ ಸಾಧ್ಯ ಎನ್ನುತ್ತದೆ. ಅದೇ ಊರಿನ ಮಲ್ಲಯ್ಯನ ಬೆಟ್ಟ ಹತ್ತುವ ಹರಕೆ ಹೊತ್ತವರು, ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೊಯ್ದ ಕಾಲು ಮೊದಲು ಎಂಬ ಚಿಕಿತ್ಸಕರ ವಿಧಿಯನ್ನು ಮರೆಯಬಾರದು; ಹರಕೆಯನ್ನೇ ಒಂದು ವರುಷ ಮುಂದೂಡಿದರೂ ಮಲ್ಲಯ್ಯ ಮುನಿಯುವನೆಂದು ನಾನು ಯಾವ ಶಾಸ್ತ್ರದಲ್ಲಿಯೂ ಓದಿಲ್ಲ.